ಪಂದ್ಯ ಮುಗಿದ ಮೇಲಿನ ಅರ್ಧ ಗಂಟೆ: ಬಾಕ್ಸಿಂಗ್, ಎಂಎಂಎ ಬಗ್ಗೆ ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ದುಡ್ಡಿಗಾಗಿ ಆಡುವ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಗುದ್ದು, ಒದೆತ, ಕುಸ್ತಿಯ ಪಟ್ಟು ಎಲ್ಲ ಸೇರಿದ ಕಾದಾಟ) ಪಂದ್ಯಗಳಲ್ಲಿ ಆಟಗಾರರ ಜೀವ ಕಾಯುವ ನಿಯಮಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ನೋಡುವವರು, ಆಡುವವರು, ಆಡುವವರ ಮನೆಯವರು ಎಲ್ಲರೂ ಬರೆದಿದ್ದೀರಿ. ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ಟಿವಿಯಲ್ಲಿ ಒಂದು ಬಾಕ್ಸಿಂಗ್ ಪಂದ್ಯ ನೋಡಿದೆ. ಸೋತವನು ತಾನೇ ನಡೆದುಕೊಂಡು ರಿಂಗಿನಿಂದ ಇಳಿದ, ಎದುರಾಳಿಯನ್ನು ತಬ್ಬಿಕೊಂಡ, ಮೈಕಿನಲ್ಲಿ ಮಾತೂ ಆಡಿದ. ಮಾರನೇ ದಿನ ನೋಡಿದರೆ ಕೋಮಾದಲ್ಲಿದ್ದಾನೆ ಎಂದು ಸುದ್ದಿ. ಚೆನ್ನಾಗಿದ್ದವನು ಅಷ್ಟು ಬೇಗ ಹೇಗೆ ಬಿದ್ದ?

ಉತ್ತರ: ಚೆನ್ನಾಗಿದ್ದ ಹಾಗೆ ಕಂಡ, ಅಷ್ಟೇ. ಒಳಗೆ ರಕ್ತ ಸೋರುವುದು ಆಗಲೇ ಶುರುವಾಗಿತ್ತು. ಮಿದುಳಿನಿಂದ ಅದರ ಹೊರ ಪೊರೆಯ ಕಡೆಗೆ ಸಣ್ಣ ಸಣ್ಣ ರಕ್ತನಾಳಗಳು ಹಾದು ಹೋಗುತ್ತವೆ. ದವಡೆಗೋ ಕೆನ್ನೆಗೋ ಓರೆಯಾಗಿ ಏಟು ಬಿದ್ದು ತಲೆ ಗಿರ್ರನೆ ತಿರುಗಿದಾಗ ಬುರುಡೆ ಮೊದಲು ತಿರುಗುತ್ತದೆ, ಮಿದುಳು ಒಂದು ಕ್ಷಣ ತಡವಾಗಿ ತಿರುಗುತ್ತದೆ. ಆ ಎಳೆತಕ್ಕೆ ನಾಳ ಹರಿಯುತ್ತದೆ. ರಕ್ತ ಪೊರೆಯ ಅಡಿಯಲ್ಲಿ ಸೇರುತ್ತಾ ಹೋಗುತ್ತದೆ. ಇದಕ್ಕೆ ಸಬ್‌ಡ್ಯೂರಲ್ ಹೆಮಟೋಮಾ ಎನ್ನುತ್ತಾರೆ. ರಿಂಗಿನಲ್ಲಿ ಆಗುವ ಸಾವುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ.

ಬುರುಡೆ ಹಿಗ್ಗುವುದಿಲ್ಲ. ಒಳಗೆ ಜಾಗ ಇಲ್ಲ. ರಕ್ತ ಹೆಚ್ಚಾದ ಹಾಗೆ ಒತ್ತಡ ಏರುತ್ತದೆ, ಮಿದುಳು ಅದುಮಿಕೊಳ್ಳುತ್ತದೆ, ಆದರೆ ಆ ಒತ್ತಡ ಒಂದು ಮಟ್ಟ ದಾಟುವವರೆಗೆ ಮನುಷ್ಯ ನಡೆಯಬಲ್ಲ, ಮಾತಾಡಬಲ್ಲ, ಫೋಟೋಗೂ ನಿಲ್ಲಬಲ್ಲ. ಆಮೇಲೆ ತಲೆನೋವು, ವಾಂತಿ, ಮಂಪರು, ಕುಸಿತ. ಇದಕ್ಕೆ ಇರುವ ದೊಡ್ಡ ಮದ್ದು ಬುರುಡೆ ತೆರೆದು ರಕ್ತ ತೆಗೆಯುವುದು, ಅದೂ ಬೇಗ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾವು ಡಾಕ್ಟರುಗಳು ಇವತ್ತಿಗೂ ನೆನೆಯುತ್ತೇವೆ. ಪೆಟ್ಟಾದ ನಾಲ್ಕು ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಸತ್ತವರು ಶೇಕಡ 30, ನಾಲ್ಕು ಗಂಟೆ ದಾಟಿದವರಲ್ಲಿ ಶೇಕಡ 90. ಅಲ್ಲಿದ್ದವರು ಬಾಕ್ಸರುಗಳಲ್ಲ, ಸಾಮಾನ್ಯ ಅಪಘಾತದಲ್ಲಿ ತಲೆಗೆ ಪೆಟ್ಟಾದವರು. ಆದರೂ ಪಾಠ ಅದೇ. ರಿಂಗ್ ಪಕ್ಕದಲ್ಲಿ ಕೂತ ಡಾಕ್ಟರಿಗೆ ಪಂದ್ಯ ಮುಗಿದ ಮೇಲೆ ಕೆಲಸ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ.

ಈ ನಿಯಮಗಳು ಎಲ್ಲಿಂದ ಬಂದವು ಎಂದು ತಿಳಿಯಬೇಕಾದರೆ ಬ್ರಿಟಿಷ್ ಬಾಕ್ಸರ್ ಮೈಕೆಲ್ ವಾಟ್ಸನ್ ಕಥೆ ಗೊತ್ತಿರಬೇಕು. 1991ರ ಸೆಪ್ಟೆಂಬರ್ 21, ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನ, ಎದುರಾಳಿ ಕ್ರಿಸ್ ಯುಬ್ಯಾಂಕ್. ಹನ್ನೆರಡನೇ ರೌಂಡಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು, ವಾಟ್ಸನ್ ಕುಸಿದರು. ಒಬ್ಬ ಡಾಕ್ಟರು ಅವರನ್ನು ಪರೀಕ್ಷೆ ಮಾಡುವ ಹೊತ್ತಿಗೆ ಏಳು ನಿಮಿಷ ಹೋಗಿತ್ತು. ಉಸಿರಾಟಕ್ಕೆ ಕೊಳವೆ ಹಾಕಿ ಆಮ್ಲಜನಕ ಕೊಡುವ ವ್ಯವಸ್ಥೆ ರಿಂಗ್ ಪಕ್ಕದಲ್ಲಿ ಇರಲಿಲ್ಲ. ಆ ಚಿಕಿತ್ಸೆ ಸಿಕ್ಕಿದ್ದು ಸುಮಾರು ಅರ್ಧ ಗಂಟೆಯ ಮೇಲೆ, ಮೊದಲ ಆಸ್ಪತ್ರೆಯಲ್ಲಿ. ಅಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ವಿಭಾಗವೇ ಇರಲಿಲ್ಲ, ಮತ್ತೆ ಬೇರೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ನಲವತ್ತು ದಿನ ಕೋಮಾ, ಆರು ಆಪರೇಷನ್. ಅವರು ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯ ಮೇಲೆ ಕೇಸು ಹಾಕಿ ಗೆದ್ದರು. ಪಂದ್ಯದ ವೈದ್ಯಕೀಯ ನಿಯಮ ಬರೆಯುವ ಮಂಡಳಿಗೆ ಆಟಗಾರನ ಬಗ್ಗೆ ಕಾನೂನಿನ ಹೊಣೆ ಇದೆ ಎಂದು 2000ದ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟು ಖಚಿತವಾಗಿ ಹೇಳಿತು. ನನ್ನ ಪ್ರಕಾರ ಈ ಆಟದ ಇತಿಹಾಸದಲ್ಲಿ ಯಾವ ಚಾಂಪಿಯನ್ ಬೆಲ್ಟಿಗಿಂತಲೂ ದೊಡ್ಡ ಗೆಲುವು ಅದು. 2003ರಲ್ಲಿ ವಾಟ್ಸನ್ ಲಂಡನ್ ಮ್ಯಾರಥಾನ್ ದಾರಿಯನ್ನು ಆರು ದಿನದಲ್ಲಿ ನಡೆದು ಮುಗಿಸಿದರು.

ಈಗ ಒಳ್ಳೆಯ ಮಂಡಳಿ ಇರುವ ಕಡೆ ಹೀಗಿರುತ್ತದೆ: ರಿಂಗ್ ಪಕ್ಕ ಡಾಕ್ಟರು, ಉಸಿರಾಟ ನಿಭಾಯಿಸಬಲ್ಲ ತಂಡ, ಆಮ್ಲಜನಕ, ಸ್ಟ್ರೆಚರ್, ಹೊರಗೆ ಆಂಬುಲೆನ್ಸ್, ಮೊದಲೇ ಸುದ್ದಿ ಮುಟ್ಟಿಸಿದ ನ್ಯೂರೋಸರ್ಜರಿ ಇರುವ ಆಸ್ಪತ್ರೆ. ಆಂಬುಲೆನ್ಸ್ ಒಬ್ಬನನ್ನು ಕರೆದುಕೊಂಡು ಹೊರಟರೆ ಇನ್ನೊಂದು ಬರುವ ತನಕ ಮುಂದಿನ ಪಂದ್ಯ ಶುರುವಾಗುವಂತಿಲ್ಲ. ಜನ ಕೂಗಲಿ, ಟಿವಿಯವರು ಗಡಿಯಾರ ತೋರಿಸಲಿ, ಕಾಯಬೇಕು.

ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು. ರಷ್ಯಾದ ಹೆವಿವೇಟ್ ಬಾಕ್ಸರ್ ಮಾಗೊಮೆಡ್ ಅಬ್ದುಸಲಾಮೊವ್ 2013ರ ನವೆಂಬರ್ 2ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹತ್ತು ರೌಂಡ್ ಪೂರ್ತಿ ಆಡಿ ಸೋತರು. ಮುಖ ಊದಿತ್ತು, ತಲೆನೋವಿತ್ತು, ಮೂತ್ರದಲ್ಲಿ ರಕ್ತ ಕಂಡಿತ್ತು. ಅವರು ಆಸ್ಪತ್ರೆಗೆ ಹೋದದ್ದು ಟ್ಯಾಕ್ಸಿಯಲ್ಲಿ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬದುಕಿದರು, ಆದರೆ ನಡೆಯುವ, ಮೊದಲಿನ ಹಾಗೆ ಮಾತಾಡುವ ಶಕ್ತಿ ಹೋಯಿತು. 2017ರಲ್ಲಿ ನ್ಯೂಯಾರ್ಕ್ ರಾಜ್ಯ ಆ ಕುಟುಂಬಕ್ಕೆ 2.2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಮೆರಿಕದ 1996ರ ಬಾಕ್ಸಿಂಗ್ ಸುರಕ್ಷತಾ ಕಾನೂನು ರಿಂಗ್ ಪಕ್ಕ ಡಾಕ್ಟರು ಇರಲೇಬೇಕು, ಆಂಬುಲೆನ್ಸ್ ಅಥವಾ ಉಸಿರು ಮರಳಿಸುವ ಸಲಕರಣೆ ಹಿಡಿದ ತಂಡ ಇರಬೇಕು ಎನ್ನುತ್ತದೆ. ಅವತ್ತು ಡಾಕ್ಟರುಗಳೂ ಇದ್ದರು, ನಿಯಮವೂ ಇತ್ತು. ಇಷ್ಟು ಪೆಟ್ಟು ತಿಂದವನು ಸ್ವಂತ ಕಾಲಲ್ಲಿ ನಿಂತಿದ್ದರೂ ಆಂಬುಲೆನ್ಸಿನಲ್ಲೇ ಹೋಗಬೇಕು ಎಂದು ಗಟ್ಟಿಯಾಗಿ ಹೇಳುವವರು ಇರಲಿಲ್ಲ.

ಪ್ರಶ್ನೆ: ನನ್ನ ಮಗ ಇಷ್ಟು ದಿನ ಹವ್ಯಾಸಕ್ಕೆ ಬಾಕ್ಸಿಂಗ್ ಮಾಡುತ್ತಿದ್ದ. ಈಗ ವೃತ್ತಿಪರನಾಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಬೇಡ ಅಂದರೆ ಕೇಳುವುದಿಲ್ಲ. ಕೊನೆಗೆ ಏನೇನು ಪರೀಕ್ಷೆ ಮಾಡಿಸಬೇಕು ಅಂತಲಾದರೂ ಹೇಳಿ ಡಾಕ್ಟ್ರೇ.

ಉತ್ತರ: ಅಮ್ಮಾ, ನಿಮ್ಮ ಆತಂಕ ಅರ್ಥವಾಗುತ್ತದೆ. ಮಗನ ಜೊತೆ ಜಗಳ ಆಡುವ ಬದಲು ಅವನ ಮೆಡಿಕಲ್ ಫೈಲ್ ಕೇಳಿ. ಅದು ಗಟ್ಟಿಯಾಗಿದ್ದರೆ ಸ್ವಲ್ಪ ನೆಮ್ಮದಿ. ಫೈಲೇ ಇಲ್ಲದೆ ರಿಂಗಿಗೆ ಹತ್ತಿಸುವ ಸಂಘಟಕರು ಸಿಕ್ಕರೆ ಅವರ ಕೈಗೆ ಮಗನನ್ನು ಕೊಡಬೇಡಿ.

ಮೊದಲನೆಯದು ಮಿದುಳಿನ ಎಂಆರ್‌ಐ. ಬ್ರಿಟನ್ನಿನಲ್ಲಿ ಇದು ವರ್ಷಕ್ಕೊಮ್ಮೆ ಕಡ್ಡಾಯ. ಲೈಸೆನ್ಸಿಗೆ ಮುಂಚೆ ತೆಗೆದ ಸ್ಕ್ಯಾನ್‌ಗೆ ಎರಡು ಉಪಯೋಗ. ಹುಟ್ಟಿನಿಂದಲೇ ಇರುವ ನೀರುಗುಳ್ಳೆ, ದುರ್ಬಲ ರಕ್ತನಾಳ, ಹಳೆಯ ರಕ್ತಸ್ರಾವದ ಕಲೆ ಇದ್ದರೆ ಆಗಲೇ ಗೊತ್ತಾಗುತ್ತದೆ. ಮುಂದೆ ಪ್ರತಿ ವರ್ಷ ಹೊಸ ಸ್ಕ್ಯಾನನ್ನು ಇದರ ಪಕ್ಕ ಇಟ್ಟು ನೋಡಬಹುದು. ಮಿದುಳಿನಲ್ಲಿ ರಕ್ತಸ್ರಾವ ಆದವನಿಗೆ ಮತ್ತೆ ಲೈಸೆನ್ಸ್ ಕೊಡಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ಎಚ್ಚರಿಕೆ. ಸ್ಕ್ಯಾನ್ ಸರಿಯಿದೆ ಅಂದ ಮಾತ್ರಕ್ಕೆ ಮುಂದಿನ ಪಂದ್ಯದಲ್ಲಿ ಏನೂ ಆಗುವುದಿಲ್ಲ ಎಂದು ಯಾರೂ ಬರೆದುಕೊಡಲಾರರು.

ಎರಡನೆಯದು ಕಣ್ಣು. ಪಾಪೆ ಹಿಗ್ಗಿಸುವ ಹನಿ ಹಾಕಿ ರೆಟಿನಾ, ಅಂದರೆ ಕಣ್ಣಿನ ಒಳಗಿನ ಹಿಂಬದಿಯ ಪರದೆ, ನೋಡಬೇಕು. ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಸಾಲದು. ಬಾಕ್ಸರ್ ಶುಗರ್ ರೇ ಲಿಯೊನಾರ್ಡ್ ಅವರಿಗೆ 1982ರಲ್ಲಿ ರೆಟಿನಾ ಭಾಗಶಃ ಕಳಚಿ ಆಟ ಬಿಡಬೇಕಾಯಿತು, ಆಮೇಲೆ ಮರಳಿದರು. ಎಂಎಂಎ ಆಟಗಾರ ಮೈಕೆಲ್ ಬಿಸ್ಪಿಂಗ್ ಅವರಿಗೆ 2013ರ ಪಂದ್ಯದಲ್ಲಿ ಬಲಗಣ್ಣಿಗೆ ಪೆಟ್ಟಾಯಿತು, ರೆಟಿನಾ ಕಳಚಿತು. ಆ ಕಣ್ಣಿನಲ್ಲಿ ಸರಿಯಾಗಿ ಕಾಣದೆಯೇ ಆಡಿ 2016ರಲ್ಲಿ ಎಂಎಂಎಯ ದೊಡ್ಡ ಸಂಸ್ಥೆ ಯುಎಫ್‌ಸಿಯ ಚಾಂಪಿಯನ್ ಕೂಡ ಆದರು. ಈಗ ಅವರಿಗಿರುವುದು ಕೃತಕ ಕಣ್ಣು. ಜನ ಇದನ್ನು ಧೈರ್ಯದ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಪರೀಕ್ಷೆಯ ಸೋಲು. ಆ ಬದಿಯಿಂದ ಬರುವ ಏಟು ಕಾಣದವನು ತಲೆ ತಪ್ಪಿಸಿಕೊಳ್ಳುವುದು ಹೇಗೆ?

ಮೂರನೆಯದು ರಕ್ತ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಇಬ್ಬರ ರಕ್ತವೂ ಒಂದೇ ಹಾಸಿನ ಮೇಲೆ ಬೀಳುವ ಆಟ ಇದು. 1996ರಲ್ಲಿ ಟಾಮಿ ಮಾರಿಸನ್ ಎಂಬ ಹೆವಿವೇಟ್ ಬಾಕ್ಸರನ್ನು ಪಂದ್ಯದಿಂದ ಕೆಳಗಿಳಿಸಿದ್ದು ಈ ಪರೀಕ್ಷೆಯೇ. ಇವುಗಳ ಜೊತೆಗೆ ಹೃದಯದ ಇಸಿಜಿ, ಪೂರ್ತಿ ದೇಹ ಪರೀಕ್ಷೆ, ಹೆಂಗಸರಿಗೆ ಗರ್ಭ ಪರೀಕ್ಷೆ, ವಯಸ್ಸು ನಲವತ್ತರ ಹತ್ತಿರ ಬಂದವರಿಗೆ ಹೃದಯ ಮತ್ತು ನರಗಳ ಹೆಚ್ಚಿನ ಪರೀಕ್ಷೆ.

ಇನ್ನೊಂದು ಮುಖ್ಯ ವಿಷಯ, ಮಗನನ್ನು ಕೂರಿಸಿಕೊಂಡು ಹೇಳಿ. ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು. ಮೂರು ವಾರದ ಹಿಂದೆ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ತಲೆಗೆ ಬಿದ್ದು ಕಣ್ಣು ಕತ್ತಲೆ ಬಂದಿದ್ದರೆ ಅದನ್ನು ಹೇಳದೆ ಬಚ್ಚಿಡುತ್ತಾರೆ, ಪಂದ್ಯ ಕೈತಪ್ಪುತ್ತದೆ, ದುಡ್ಡು ಹೋಗುತ್ತದೆ ಎಂಬ ಭಯ. ನಾನು ನೋಡಿದ ಹುಡುಗರಲ್ಲಿ ಹೆಚ್ಚಿನವರು ಮೊದಲ ಸಲ ಕೇಳಿದಾಗ ಏನೂ ಇಲ್ಲ ಎಂದೇ ಹೇಳುತ್ತಾರೆ. ಎರಡನೇ ಸಲ, ಕೋಚ್ ಹೊರಗೆ ಹೋದ ಮೇಲೆ ಕೇಳಬೇಕು.

ಪ್ರಶ್ನೆ: ಅಷ್ಟು ದಪ್ಪ ಗ್ಲೌಸ್ ಹಾಕಿರುತ್ತಾರೆ, ಆದರೂ ಮಿದುಳಿಗೆ ಪೆಟ್ಟಾಗುತ್ತದಾ? ಹೆಲ್ಮೆಟ್ ಥರದ್ದು ಯಾಕೆ ಕೊಡುವುದಿಲ್ಲ?

ಉತ್ತರ: ಗ್ಲೌಸ್ ಕಾಯುವುದು ಹೊಡೆಯುವವನ ಕೈಯನ್ನು. ಬೆರಳಿನ ಮೂಳೆ ಮುರಿಯುವ ಭಯ ಇಲ್ಲದ್ದರಿಂದ ಅವನು ತಲೆಗೆ ಇನ್ನೂ ಜೋರಾಗಿ, ಇನ್ನೂ ಹೆಚ್ಚು ಸಲ ಹೊಡೆಯಬಲ್ಲ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸುತ್ತದೆ, ತಲೆ ತಿರುಗುವುದನ್ನು ತಡೆಯುವುದಿಲ್ಲ. ಹವ್ಯಾಸಿ ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ 2013ರಲ್ಲಿ ದೊಡ್ಡ ಪಂದ್ಯಗಳ ಪುರುಷರಿಗೆ ಅದನ್ನು ತೆಗೆದೇ ಹಾಕಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಬರಿ ತಲೆಯಲ್ಲೇ ಆಡಿದರು. ಜಿಮ್ಮಿನಲ್ಲಿ ಸ್ಪಾರಿಂಗ್ ಮಾಡುವಾಗ ಹಾಕಿಕೊಳ್ಳಿ, ತಪ್ಪಲ್ಲ. ಹಾಕಿಕೊಂಡಿದ್ದೇನೆ ಅಂತ ಜಾಸ್ತಿ ಏಟು ತಿನ್ನಬೇಡಿ.

ಪ್ರಶ್ನೆ: ಬಾಕ್ಸಿಂಗ್ ಜಾಸ್ತಿ ಅಪಾಯವೋ, ಎಂಎಂಎ ಜಾಸ್ತಿ ಅಪಾಯವೋ? ನಮ್ಮಲ್ಲಿ ಇದೇ ವಾದ.

ಉತ್ತರ: ನೋಡುವುದಕ್ಕೆ ಎಂಎಂಎ ಭೀಕರ. ನೆಲಕ್ಕೆ ಬಿದ್ದವನ ಮೇಲೆ ಕೂತು ಹೊಡೆಯುವುದನ್ನು ನೋಡಿದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಕೆನಡಾದಲ್ಲಿ ಪಂದ್ಯ ಮುಗಿದ ಕೂಡಲೇ ಮಾಡಿದ ಪರೀಕ್ಷೆಗಳನ್ನು ವರ್ಷಗಟ್ಟಲೆ ಕೂಡಿಹಾಕಿ ಒಂದು ಲೆಕ್ಕ ತೆಗೆದಿದ್ದಾರೆ. ಗಾಯ ಆದವರು ಎಂಎಂಎಯಲ್ಲಿ ಜಾಸ್ತಿ, ಹೆಚ್ಚಿನವು ತರಚು, ಉಳುಕು. ಆದರೆ ಪ್ರಜ್ಞೆ ತಪ್ಪಿದವರು ಬಾಕ್ಸಿಂಗ್‌ನಲ್ಲಿ ಶೇಕಡ 7ರಷ್ಟು, ಎಂಎಂಎಯಲ್ಲಿ ಶೇಕಡ 4ರಷ್ಟು. ಕಾರಣ ಊಹಿಸಬಹುದು. ಎಂಎಂಎಯಲ್ಲಿ ಸಾಮಾನ್ಯ ಪಂದ್ಯ ಐದು ನಿಮಿಷದ ಮೂರು ರೌಂಡ್, ಚಾಂಪಿಯನ್ ಪಂದ್ಯ ಐದು ರೌಂಡ್. ಕೈಕಾಲು ಲಾಕ್ ಹಾಕಿಯೂ ಗೆಲ್ಲಬಹುದು, ಸೋತೆ ಎಂದು ಕೈ ತಟ್ಟಿ ಹೊರಗೆ ಬರುವುದು ಅಲ್ಲಿ ಅವಮಾನ ಅಲ್ಲ. ಬಾಕ್ಸಿಂಗ್‌ನಲ್ಲಿ ಬಿದ್ದವನು ಹತ್ತು ಎಣಿಸುವುದರೊಳಗೆ ಎದ್ದು ನಿಂತು ಮತ್ತೆ ಅದೇ ತಲೆಗೆ ಏಟು ತಿನ್ನುತ್ತಾನೆ. ಆ ಎಣಿಕೆ ಕರುಣೆಯ ಥರ ಕಾಣುತ್ತದೆ, ಮಿದುಳಿನ ಮಟ್ಟಿಗೆ ಅದು ಉಪಕಾರ ಅಲ್ಲ. ಹಾಗಂತ ಎಂಎಂಎ ಸುರಕ್ಷಿತ ಎಂದು ತಿಳಿಯಬೇಡಿ. ತಲೆಯ ಹಿಂಭಾಗಕ್ಕೆ, ಬೆನ್ನುಹುರಿಗೆ ಹೊಡೆಯಬಾರದು, ನೆಲದಲ್ಲಿರುವವನ ತಲೆಗೆ ಒದೆಯಬಾರದು ಎಂಬ ನಿಯಮಗಳನ್ನು ರೆಫರಿ ಕಟ್ಟುನಿಟ್ಟಾಗಿ ನೋಡದಿದ್ದರೆ ಅಲ್ಲೂ ಅದೇ ಗತಿ.

ಪ್ರಶ್ನೆ: ನಾನು ಎಂಎಂಎ ಆಡುತ್ತೇನೆ. ಪಂದ್ಯಕ್ಕೆ ಮುಂಚೆ ಒಂದು ವಾರದಲ್ಲಿ ಏಳೆಂಟು ಕಿಲೋ ಇಳಿಸುತ್ತೇನೆ. ಕೊನೆಯ ದಿನ ನೀರು ಬಿಡುತ್ತೇನೆ, ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತೇನೆ. ತೂಕ ನೋಡಿದ ಮೇಲೆ ಎಲ್ಲ ವಾಪಸ್ ಬರುತ್ತದೆ. ಎಲ್ಲರೂ ಮಾಡುವುದೇ ಅಲ್ವಾ?

ಉತ್ತರ: ಎಲ್ಲರೂ ಮಾಡುತ್ತಾರೆ ಎನ್ನುವುದು ನಿಜ. ನಿಮ್ಮ ಕಾಗದದಲ್ಲಿ ನನಗೆ ಭಯ ಹುಟ್ಟಿಸಿದ ಮಾತೂ ಅದೇ.

ನೀವು ಇಳಿಸುತ್ತಿರುವುದು ಕೊಬ್ಬಲ್ಲ, ನೀರು. ರಕ್ತ ಮಂದವಾಗುತ್ತದೆ, ಹೃದಯ ಒದ್ದಾಡುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಲದು, ಪೊಟ್ಯಾಸಿಯಂ ಸೋಡಿಯಂ ಏರುಪೇರಾಗುತ್ತವೆ. ಬೆವರಿ ತಂಪಾಗಬೇಕಾದ ದೇಹಕ್ಕೆ ಬೆವರಲು ನೀರಿಲ್ಲ, ಅದೇ ಹೊತ್ತಿಗೆ ನೀವು ಬಿಸಿನೀರಿನಲ್ಲಿ ಕೂತಿದ್ದೀರಿ. 2015ರ ಡಿಸೆಂಬರಿನಲ್ಲಿ ಯಾಂಗ್ ಜಿಯಾನ್‌ಬಿಂಗ್ ಎಂಬ ಚೀನಾದ ಹುಡುಗ, ಬರೀ 21 ವರ್ಷ, ತೂಕ ಇಳಿಸುವಾಗಲೇ ಕುಸಿದು ತೀರಿಕೊಂಡ. ಅವನ ಮೇಲೆ ಒಂದು ಏಟೂ ಬಿದ್ದಿರಲಿಲ್ಲ. ಆ ಪಂದ್ಯ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್ ಆಮೇಲೆ ನೀರು ಬಿಟ್ಟು ತೂಕ ಇಳಿಸುವುದನ್ನೇ ನಿಷೇಧಿಸಿ, ತೂಕದ ಜೊತೆ ಮೂತ್ರದ ಸಾಂದ್ರತೆಯನ್ನೂ ನೋಡಲು ಶುರು ಮಾಡಿತು. ತೂಕ ಸರಿ ಇದ್ದು ಮೂತ್ರ ಗಟ್ಟಿಯಾಗಿದ್ದರೆ ನೀವು ಪಾಸಲ್ಲ. ನನ್ನ ಮಟ್ಟಿಗೆ ಇದು ಇರುವ ನಿಯಮಗಳಲ್ಲೇ ಒಳ್ಳೆಯದು, ಯಾಕಂದರೆ ಇದು ಮೂಲಕ್ಕೇ ಕೈ ಹಾಕುತ್ತದೆ.

ಬೇರೆಯವರು ಬೇರೆ ದಾರಿ ಹಿಡಿದಿದ್ದಾರೆ. ಚಾಂಪಿಯನ್ ಪಟ್ಟ ಕೊಡುವ ಬಾಕ್ಸಿಂಗ್ ಸಂಸ್ಥೆಗಳಲ್ಲಿ ಒಂದಾದ ಐಬಿಎಫ್ ತನ್ನ ಚಾಂಪಿಯನ್ ಪಂದ್ಯಗಳಿಗೆ ಪಂದ್ಯದ ದಿನ ಬೆಳಿಗ್ಗೆ ಇನ್ನೊಮ್ಮೆ ತೂಕ ನೋಡುವ ನಿಯಮ ತಂದಿತು, ಮಿತಿಗಿಂತ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ, ಮೀರಿರಬಾರದು ಎಂದು. ಅಂಥದ್ದೇ ಇನ್ನೊಂದು ಸಂಸ್ಥೆ ಡಬ್ಲ್ಯುಬಿಸಿ, ಪಂದ್ಯಕ್ಕೆ 30 ದಿನ ಇರುವಾಗ ಮಿತಿಗಿಂತ ಶೇಕಡ 10, ಏಳು ದಿನ ಇರುವಾಗ ಶೇಕಡ 5ಕ್ಕಿಂತ ಹೆಚ್ಚು ತೂಕ ಇರಬಾರದು ಎನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪಂದ್ಯಗಳ ಮೇಲೆ ಕಣ್ಣಿಡುವ ಸರ್ಕಾರಿ ಕಮಿಷನ್ 2017ರಿಂದ, ಪಂದ್ಯದ ದಿನ ಶೇಕಡ 10ಕ್ಕಿಂತ ಜಾಸ್ತಿ ತೂಕ ವಾಪಸ್ ಬಂದವರಿಗೆ ಮೇಲಿನ ವರ್ಗಕ್ಕೆ ಹೋಗಿ ಎಂದು ಹೇಳುತ್ತದೆ.

ಎಲ್ಲ ವಾಪಸ್ ಬರುತ್ತದೆ ಅಂತ ಬರೆದಿದ್ದೀರಿ. ತೂಕದ ಯಂತ್ರದ ಮೇಲೆ ಬರುತ್ತದೆ ನಿಜ. ಒಂದು ದಿನದಲ್ಲಿ ಮೈಯೊಳಗಿನ ನೀರು, ಲವಣ ಎಲ್ಲ ತಮ್ಮ ಜಾಗಕ್ಕೆ ಸರಿಯಾಗಿ ಮರಳಿವೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಆ ಸ್ಥಿತಿಯಲ್ಲಿ ನೀವು ರಿಂಗಿಗೆ ಹತ್ತುತ್ತೀರಿ, ಬೇಗ ಸುಸ್ತಾಗುತ್ತೀರಿ, ಸುಸ್ತಾದವನ ಕೈ ಕೆಳಗಿಳಿಯುತ್ತದೆ, ಏಟು ನೇರ ತಲೆಗೆ. ಡ್ರಿಪ್ ಹಾಕಿಸಿಕೊಂಡು ಸರಿಮಾಡಿಕೊಳ್ಳುತ್ತೇನೆ ಎನ್ನಬೇಡಿ. ಆಸ್ಪತ್ರೆಯ ಚಿಕಿತ್ಸೆಗೆ ಹೊರತು 12 ಗಂಟೆಯಲ್ಲಿ 100 ಮಿಲಿಗಿಂತ ಜಾಸ್ತಿ ಡ್ರಿಪ್ ಹಾಕಿಸಿಕೊಳ್ಳುವುದು ಉದ್ದೀಪನ ಮದ್ದಿನ ನಿಯಮದ ಪ್ರಕಾರ ನಿಷಿದ್ಧ. ಮೇಲಿನ ತೂಕದ ವರ್ಗಕ್ಕೆ ಹೋಗಿ, ತಮ್ಮಾ. ಎರಡು ಪಂದ್ಯ ಸೋಲಬಹುದು, ಸೋಲಲಿ.

ಪ್ರಶ್ನೆ: ಪಂದ್ಯ ನಿಲ್ಲಿಸುವ ಅಧಿಕಾರ ಯಾರಿಗೆ? ರೌಂಡ್ ನಡುವೆ ಡಾಕ್ಟರು ಬಂದು ಒಂದು ನಿಮಿಷ ನೋಡಿ ಹೋಗುತ್ತಾರಲ್ಲ, ಅಷ್ಟರಲ್ಲಿ ಏನು ಗೊತ್ತಾಗುತ್ತದೆ?

ಉತ್ತರ: ಎಲ್ಲ ಕಡೆ ರೆಫರಿಗೆ ಅಧಿಕಾರ ಇದೆ. ಕೆಲವು ಕಡೆ ಡಾಕ್ಟರೂ ನಿಲ್ಲಿಸಬಹುದು, ಇನ್ನು ಕೆಲವು ಕಡೆ ಡಾಕ್ಟರು ಹೇಳಬೇಕು, ರೆಫರಿ ನಿಲ್ಲಿಸಬೇಕು. ಕಾರ್ನರ್‌ನವರು, ಅಂದರೆ ರಿಂಗಿನ ಮೂಲೆಯಲ್ಲಿ ನಿಲ್ಲುವ ಆಟಗಾರನ ಕೋಚ್, ಸಹಾಯಕರು, ಪಂದ್ಯ ಬಿಟ್ಟುಕೊಡಬಹುದು. ಆಟಗಾರನೂ ಸಾಕು ಎನ್ನಬಹುದು, ಆದರೆ ಎನ್ನುವುದಿಲ್ಲ. ಉಳಿದ ಎಲ್ಲ ನಿಯಮಗಳೂ ಇರುವುದು ಅದಕ್ಕೇ.

ಒಂದು ನಿಮಿಷ ಕಡಿಮೆ, ಆದರೆ ಡಾಕ್ಟರ ಕೆಲಸ ಆ ನಿಮಿಷಕ್ಕೆ ಮುಂಚೆಯೇ ಶುರುವಾಗಿರುತ್ತದೆ. ಗಂಟೆ ಬಾರಿಸಿದಾಗ ನಾನು ಮೊದಲು ನೋಡುವುದು ಅವನ ಕಾಲನ್ನು. ತನ್ನ ಕಾರ್ನರ್ ಕಡೆ ನೇರ ನಡೆದನಾ, ಎದುರಾಳಿಯ ಕಾರ್ನರ್ ಕಡೆ ತಿರುಗಿದನಾ, ಸ್ಟೂಲ್ ಎಲ್ಲಿದೆ ಎಂದು ಕೈಯಲ್ಲಿ ತಡಕಿದನಾ? ಹತ್ತಿರ ಹೋದ ಮೇಲೆ ಟಾರ್ಚ್ ಹಾಕಿ ಎರಡೂ ಪಾಪೆ ಒಂದೇ ಅಳತೆ ಇವೆಯಾ, ಬೆಳಕಿಗೆ ಕುಗ್ಗುತ್ತವೆಯಾ ನೋಡುತ್ತೇನೆ. ಇದು ಎಷ್ಟನೇ ರೌಂಡ್, ಎದುರಾಳಿ ಯಾರು ಎಂದು ಕೇಳುತ್ತೇನೆ. ಉತ್ತರ ಸರಿಯೋ ತಪ್ಪೋ ಎನ್ನುವಷ್ಟೇ ಮುಖ್ಯ ಅದು ಎಷ್ಟು ತಡವಾಗಿ ಬಂತು ಎನ್ನುವುದು. ಕೋಚ್ ನಡುವೆ ಬಾಯಿ ಹಾಕಿ ತಾನೇ ಉತ್ತರ ಕೊಟ್ಟರೆ ಅಲ್ಲೇ ಅನುಮಾನ. ಹುಬ್ಬಿನ ಮೇಲಿನ ಗಾಯದ ರಕ್ತ ಕಣ್ಣಿಗೆ ಇಳಿದು ಕಾಣದಂತಾದರೆ, ಕಣ್ಣುರೆಪ್ಪೆಯ ಅಂಚೇ ಸೀಳಿದ್ದರೆ, ಕಣ್ಣು ಪೂರ್ತಿ ಮುಚ್ಚಿಕೊಂಡಿದ್ದರೆ ನಿಲ್ಲಿಸಬೇಕು. ಮೂಗಿನ ಪಕ್ಕದ, ಕೆನ್ನೆಯ ಗಾಯ ನೋಡುವುದಕ್ಕೆ ಘೋರ, ಹೆಚ್ಚಿನ ಸಲ ಆಡಬಹುದು.

ಕಾರ್ನರ್‌ನವರ ಬಗ್ಗೆ ಒಂದು ಮಾತು. 2019ರ ಜುಲೈ 19ರಂದು ಬಾಕ್ಸರ್ ಮ್ಯಾಕ್ಸಿಮ್ ದಾದಾಶೆವ್ ಪಂದ್ಯದಲ್ಲಿ ಹನ್ನೊಂದನೇ ರೌಂಡ್ ಮುಗಿದಾಗ ಕೋಚ್ ಬಡ್ಡಿ ಮೆಕ್‌ಗರ್ಟ್, ನಿಲ್ಲಿಸುತ್ತೇನೆ, ನೀನು ಜಾಸ್ತಿ ಏಟು ತಿನ್ನುತ್ತಿದ್ದೀಯ ಎಂದು ಬೇಡಿಕೊಂಡರು. ಹುಡುಗ ಬೇಡ ಎಂದು ತಲೆ ಅಲ್ಲಾಡಿಸುತ್ತಲೇ ಇದ್ದ. ಕೋಚ್ ಅವನ ಮಾತು ಕೇಳದೆ ನಿಲ್ಲಿಸಿದರು. ಮಾಡಬೇಕಾದದ್ದನ್ನೇ ಮಾಡಿದರು. ಆದರೂ ನಾಲ್ಕು ದಿನದ ಮೇಲೆ ಅವನು ತೀರಿಕೊಂಡ, ವಯಸ್ಸು 28. ಸರಿಯಾದವರು ಸರಿಯಾದ ಕೆಲಸ ಮಾಡಿದರೂ ಕೆಲವು ಸಲ ಹೊತ್ತು ಮೀರಿರುತ್ತದೆ, ಆದ್ದರಿಂದ ಕಾರ್ನರ್‌ನವರು ಇನ್ನೊಂದು ರೌಂಡ್ ನೋಡೋಣ ಎನ್ನುವ ಬದಲು ಒಂದು ರೌಂಡ್ ಮುಂಚೆಯೇ ಕೈ ಎತ್ತುವುದನ್ನು ಕಲಿಯಬೇಕು, ನೋಡುವ ನಾವು ಅದಕ್ಕೆ ಅವರನ್ನು ಬೈಯಬಾರದು.

ಪ್ರಶ್ನೆ: ರೌಂಡ್ ಕಡಿಮೆ ಮಾಡಿದರೆ ಸಾವು ನಿಲ್ಲುವುದಿಲ್ಲವಾ? ಅಥವಾ ಇಡೀ ಆಟವನ್ನೇ ನಿಷೇಧಿಸಬಾರದಾ?

ಉತ್ತರ: ರೌಂಡ್ ಕಡಿಮೆ ಮಾಡಿದ್ದಾರೆ, ಇನ್ನೂ ಮಾಡುತ್ತಿದ್ದಾರೆ. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್ ಕೂ, ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ರೌಂಡಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ಸತ್ತ ಮೇಲೆ ಡಬ್ಲ್ಯುಬಿಸಿ ಚಾಂಪಿಯನ್ ಪಂದ್ಯಗಳನ್ನು 15 ರೌಂಡಿನಿಂದ 12ಕ್ಕೆ ಇಳಿಸಿತು. ಉಳಿದ ಸಂಸ್ಥೆಗಳು ಕೆಲವು ವರ್ಷ ತಡವಾಗಿ ಹಿಂದೆ ಬಂದವು. 2025ರ ಆಗಸ್ಟ್ 2ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ರಾತ್ರಿ ಬೇರೆ ಬೇರೆ ಪಂದ್ಯಗಳಲ್ಲಿ ಆಡಿದ ಇಬ್ಬರು ಬಾಕ್ಸರುಗಳು, ಶಿಗೆತೊಶಿ ಕೊತಾರಿ ಮತ್ತು ಹಿರೊಮಾಸಾ ಉರಾಕಾವಾ, ಸಬ್‌ಡ್ಯೂರಲ್ ರಕ್ತಸ್ರಾವದಿಂದ ಮುಂದಿನ ವಾರ ತೀರಿಕೊಂಡರು. ಇಬ್ಬರಿಗೂ 28. ಆಮೇಲೆ ಏಷ್ಯಾ ಪೆಸಿಫಿಕ್ ಭಾಗದ ಬಾಕ್ಸಿಂಗ್ ಸಂಸ್ಥೆ ಒಪಿಬಿಎಫ್‌ನ ಚಾಂಪಿಯನ್ ಪಂದ್ಯಗಳನ್ನು 12ರಿಂದ 10 ರೌಂಡಿಗೆ ಇಳಿಸಿದರು. ನನಗೆ ಇದು ಸರಿ ಅನ್ನಿಸುತ್ತದೆ. ಆದರೆ ಉರಾಕಾವಾ ಬಿದ್ದದ್ದು ಎಂಟನೇ ರೌಂಡಿನಲ್ಲಿ. ರೌಂಡ್ ಕಡಿತವೊಂದೇ ಸಾಕಾಗುವುದಿಲ್ಲ.

ನಿಷೇಧದ ಬಗ್ಗೆ: ನಾರ್ವೆ 1981ರಲ್ಲಿ ವೃತ್ತಿಪರ ಬಾಕ್ಸಿಂಗ್ ನಿಷೇಧಿಸಿತು, 2014ರಲ್ಲಿ ಆ ಕಾನೂನನ್ನು ತೆಗೆಯಿತು. ಸ್ವೀಡನ್ 1970ರಲ್ಲಿ ನಿಷೇಧಿಸಿ ಆಮೇಲೆ ಷರತ್ತು ಹಾಕಿ ಬಿಟ್ಟಿತು. ಡಾಕ್ಟರುಗಳಲ್ಲಿ ನಿಷೇಧ ಬೇಕು ಎನ್ನುವವರು ಬಹಳ ಜನ, ಅವರ ಮಾತಿನಲ್ಲಿ ಹುರುಳಿದೆ. ಸಾವು ಒಂದೇ ಅಲ್ಲ, ವರ್ಷಗಟ್ಟಲೆ ತಿಂದ ಏಟುಗಳಿಂದ ನೆನಪು, ಮಾತು, ನಡಿಗೆ ಕೆಡುವುದನ್ನು ಅಮೆರಿಕದ ಡಾಕ್ಟರ್ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿಟ್ಟಿದ್ದಾರೆ, ಇವತ್ತಿಗೂ ಅದಕ್ಕೆ ಮದ್ದಿಲ್ಲ. ನಾನು ರಿಂಗ್ ಪಕ್ಕ ಕೂರುವುದು ಈ ಆಟ ಒಳ್ಳೆಯದು ಎಂದಲ್ಲ. ನಿಷೇಧಿಸಿದರೆ ಹುಡುಗರು ಡಾಕ್ಟರೇ ಇಲ್ಲದ ಕಡೆ ಹೋಗಿ ಆಡುತ್ತಾರೆ, ಅದನ್ನು ನೋಡುವುದು ನನ್ನಿಂದ ಆಗುವುದಿಲ್ಲ.

ಪ್ರಶ್ನೆ: ನಾಕ್‌ಔಟ್ ಆದೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಆದರೂ 60 ದಿನ ಆಡುವಂತಿಲ್ಲ ಎಂದು ಸಸ್ಪೆಂಡ್ ಮಾಡಿದ್ದಾರೆ. ಬೇರೆ ದೇಶದಲ್ಲಿ ಒಂದು ಪಂದ್ಯ ಸಿಕ್ಕಿದೆ, ಕೋಚ್ ಸುಮ್ನೆ ಹೋಗಿ ಬಾ ಎನ್ನುತ್ತಾರೆ. ಹೋಗಲಾ?

ಉತ್ತರ: ಹೋಗಬೇಡಿ. ಪಂದ್ಯಕ್ಕೂ ಬೇಡ, ಜಿಮ್ಮಿನ ಸ್ಪಾರಿಂಗ್‌ಗೂ ಬೇಡ.

ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವವನ್ನು, ಮೂಳೆ ಮುರಿತವನ್ನು. ಕನ್ಕಷನ್, ಅಂದರೆ ಏಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು, ಅದರಲ್ಲಿ ಕಾಣುವುದಿಲ್ಲ. ಮಿದುಳಿನ ಕೋಶಗಳ ಒಳಗಿನ ಏರುಪೇರು ಸರಿಹೋಗಲು ದಿನಗಳು, ವಾರಗಳು ಬೇಕು. ಅದು ಮುಗಿಯುವ ಮುಂಚೆ ಇನ್ನೊಂದು ಏಟು ಬಿದ್ದರೆ, ಅದು ಸಣ್ಣ ಏಟೇ ಆಗಿರಲಿ, ಮಿದುಳು ಒಮ್ಮೆಲೇ ಊದಿಕೊಂಡು ಪ್ರಾಣ ಹೋಗಬಹುದು. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಅದಕ್ಕೇ ಕಮಿಷನ್‌ಗಳು ಸಾಮಾನ್ಯವಾಗಿ ತಲೆಗೆ ಏಟು ಬಿದ್ದು ಪಂದ್ಯ ನಿಂತರೆ 30 ದಿನ, ನಾಕ್‌ಔಟ್ ಆದರೆ (ಬಿದ್ದು ಎಣಿಕೆ ಮುಗಿಯುವುದರೊಳಗೆ ಏಳದಿದ್ದರೆ) 60 ದಿನ, ಪ್ರಜ್ಞೆ ತಪ್ಪಿದ್ದರೆ 90 ದಿನ ಕೂರಿಸುತ್ತವೆ. ಒಂದೊಂದು ಕಡೆ ಲೆಕ್ಕ ಬೇರೆ. ಆದೇಶದ ಕಾಗದದಲ್ಲಿ ಇಷ್ಟು ದಿನ ಮೈ ಮುಟ್ಟುವ ಅಭ್ಯಾಸವೂ ಬೇಡ ಎಂದು ಬೇರೆ ಸಾಲು ಇರುತ್ತದೆ, ಅದನ್ನು ಓದಿ. ಪಂದ್ಯಕ್ಕಿಂತ ಹೆಚ್ಚು ಏಟು ಬೀಳುವುದು ಜಿಮ್ಮಿನಲ್ಲಿ, ಅಲ್ಲಿ ಡಾಕ್ಟರೂ ಇಲ್ಲ, ರೆಫರಿಯೂ ಇಲ್ಲ.

ಅಮೆರಿಕದ ಕಾನೂನಿನಲ್ಲಿ ಒಂದು ರಾಜ್ಯ ಆರೋಗ್ಯದ ಕಾರಣಕ್ಕೆ ಕೂರಿಸಿದ ಬಾಕ್ಸರನ್ನು ಇನ್ನೊಂದು ರಾಜ್ಯ ಆಡಿಸುವಂತಿಲ್ಲ. ದೇಶ ದೇಶದ ನಡುವೆ ಅಂಥ ಗಟ್ಟಿ ಬೇಲಿ ಇಲ್ಲ, ನಿಮ್ಮ ಕೋಚ್ ಆ ಸಂದಿಯಲ್ಲೇ ನಿಮ್ಮನ್ನು ತೂರಿಸಲು ನೋಡುತ್ತಿದ್ದಾರೆ. ನಾಕ್‌ಔಟ್ ಆದ ಹುಡುಗನನ್ನು ಎರಡು ತಿಂಗಳೊಳಗೆ ಮತ್ತೆ ಕಳಿಸುವ ಕೋಚ್ ನಿಮಗೆ ಬೇಡ. ದುಡ್ಡಿನ ತೊಂದರೆ ಇದೆ ಎಂದೂ ಬರೆದಿದ್ದೀರಿ. ಅದು ನಿಜವಾದ ಕಷ್ಟ, ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೂತ ದಿನಗಳಿಗೆ ಆಟಗಾರನಿಗೆ ಏನಾದರೂ ಸಿಗುವ ಹಾಗೆ ಸಂಘಟಕರೇ ಹಣ ತೆಗೆದಿಡಬೇಕು ಎನ್ನುವುದು ನನ್ನ ಬಹುದಿನದ ಒತ್ತಾಯ. ಅದಿಲ್ಲದ ಕಡೆ ಹುಡುಗರು ಕಾಯಿಲೆ ಬಚ್ಚಿಡುತ್ತಲೇ ಇರುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರು ಕಿಕ್‌ಬಾಕ್ಸರ್. ಪಂದ್ಯ ಮುಗಿಸಿ ಮನೆಗೆ ಬಂದ ರಾತ್ರಿ ನಾನು ಏನು ನೋಡಿಕೊಳ್ಳಬೇಕು?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಾಯಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಗಾಡಿ ಓಡಿಸಲು ಬಿಡಬೇಡಿ, ಕುಡಿಯಲು ಬಿಡಬೇಡಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಅವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಪಂದ್ಯಕ್ಕೆ ಮುಂಚಿನ ದಿನಗಳಲ್ಲೂ ಅವು ಬೇಡ. ಪ್ಯಾರಾಸಿಟಮಾಲ್ ಕೊಡಬಹುದು.

ಮಲಗಲಿ, ಆದರೆ ನಡುನಡುವೆ ಎಬ್ಬಿಸಿ ಮಾತಾಡಿಸಿ. ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಬಲ ಕಳೆದುಕೊಂಡರೆ, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಇವುಗಳಲ್ಲಿ ಒಂದೇ ಒಂದು ಇದ್ದರೂ ಸಾಕು. ಮೂತ್ರದಲ್ಲಿ ರಕ್ತ, ಹೊಟ್ಟೆ ಗಟ್ಟಿಯಾಗಿ ನೋಯುವುದು, ಉಸಿರಾಡಲು ಕಷ್ಟ ಇದ್ದರೂ ಹೊರಡಿ. ಬೇಡ, ಚೆನ್ನಾಗಿದ್ದೇನೆ ಎಂದು ಅವರು ಹೇಳಬಹುದು. ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹೋಗುವುದು ನ್ಯೂರೋಸರ್ಜನ್ ಇರುವ ಆಸ್ಪತ್ರೆಗೇ. ಅದು ಯಾವುದು, ಫೋನ್ ನಂಬರ್ ಏನು ಎನ್ನುವುದನ್ನು ಪಂದ್ಯದ ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ಅಲ್ಲಿ ತಲುಪಿದ ಕೂಡಲೇ, ಇವರು ಫೈಟರ್, ಇಷ್ಟು ಹೊತ್ತಿಗೆ ಪಂದ್ಯ ಮುಗಿಯಿತು, ತಲೆಗೆ ಏಟು ಬಿದ್ದಿದೆ ಎಂದು ಮೊದಲು ಹೇಳಿ, ಉಳಿದದ್ದು ಆಮೇಲೆ. ಸಂಘಟಕರು ಕೊಟ್ಟ ಪಂದ್ಯದ ನಂತರದ ಪರೀಕ್ಷೆಯ ಚೀಟಿ ಇದ್ದರೆ ಅದನ್ನೂ ಕೈಯಲ್ಲಿ ಹಿಡಿದು ಹೋಗಿ.